ಬಿಡಿ ಸಂಚಿಕೆಯೋ, ಟ್ರೇಡೋ, ಓಮ್ನಿಬಸ್ಸೋ: ಕರಾವಳಿಯ ಕಾಮಿಕ್ಸ್ ಓದುಗರಿಗೊಂದು ಹೋಲಿಕೆ

"ಆಬ್ಸಲ್ಯೂಟ್ ಬ್ಯಾಟ್‌ಮನ್ ಶುರು ಮಾಡಬೇಕು. ಬಿಡಿ ಸಂಚಿಕೆ ತಗೊಳ್ಳಲಾ, ಟ್ರೇಡ್ ತಗೊಳ್ಳಲಾ, ದಪ್ಪ ಹಾರ್ಡ್‌ಕವರ್ ಬರುವವರೆಗೆ ಕಾಯಲಾ?" ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಕಾಮಿಕ್ಸ್ ಓದುವವರು ಸೇರಿದಲ್ಲೆಲ್ಲ ಈಗ ಇದೇ ಮಾತು. ಏನು ಓದಬೇಕು ಅನ್ನುವುದು ಹೆಚ್ಚಿನವರಿಗೆ ಗೊತ್ತಿದೆ. ಯಾವ ರೂಪದಲ್ಲಿ ಕೊಳ್ಳಬೇಕು ಅನ್ನುವುದೇ ತಲೆನೋವು. ಒಂದೇ ಕಥೆ ನಾಲ್ಕೈದು ಆಕಾರದಲ್ಲಿ ಸಿಗುತ್ತದೆ: ತಿಂಗಳಿಗೊಂದು ಬರುವ ತೆಳ್ಳಗಿನ ಬಿಡಿ ಸಂಚಿಕೆ, ಅಂಥ ಐದಾರು ಸೇರಿಸಿದ ಮೃದು ಮುಖಪುಟದ ಟ್ರೇಡ್, ಮೂವತ್ತು ನಲವತ್ತು ಸೇರಿಸಿದ ದಪ್ಪ ಹಾರ್ಡ್‌ಕವರ್ ಓಮ್ನಿಬಸ್, ಹೀಗೆ. ಬೆಲೆ ನೂರರ ಲೆಕ್ಕದಿಂದ ಹತ್ತು ಸಾವಿರದ ಹತ್ತಿರದವರೆಗೂ ಹೋಗುತ್ತದೆ.

ಇದಕ್ಕೆ ಸಲಹೆ ಹುಡುಕಿದರೆ ಸಿಗುವುದೆಲ್ಲ ಅಮೆರಿಕದವರು ಅಮೆರಿಕದವರಿಗೆ ಹೇಳಿದ್ದು. ಅಲ್ಲಿ ಪ್ರತಿ ಬುಧವಾರ ಹೊಸ ಸಂಚಿಕೆ ಬರುವ ಕಾಮಿಕ್ಸ್ ಅಂಗಡಿಗಳಿವೆ. ನಮ್ಮಲ್ಲಿ ಇರುವುದು ವರ್ಷಕ್ಕೆ 3500 ಮಿಲಿಮೀಟರ್ ಮೀರಿ ಸುರಿಯುವ ಮಳೆ, ಮತ್ತು ಆ ಮಳೆಯಲ್ಲಿ ತೇವ ಹೀರುವ ಗೋಡೆಗಳು. ಹಾಗಾಗಿ ನಮ್ಮ ಲೆಕ್ಕವೇ ಬೇರೆ.

ಮೊದಲೇ ನನ್ನ ನಿಲುವು ಹೇಳಿಬಿಡುತ್ತೇನೆ. ಕರಾವಳಿಯಲ್ಲಿ ಕಾಮಿಕ್ಸ್ ಕೊಳ್ಳುವವರಿಗೆ ತೆಳ್ಳಗಿನ ಟ್ರೇಡ್ ಪೇಪರ್‌ಬ್ಯಾಕೇ ಹೆಚ್ಚಿನ ಸಲ ಸರಿ. ದೊಡ್ಡ ಪುಸ್ತಕಕ್ಕೆ ದುಡ್ಡು ಹಾಕುವುದು ಮತ್ತೆ ಮತ್ತೆ ತೆಗೆದು ನೋಡುವ ಕೆಲವೇ ಕಥೆಗಳಿಗೆ ಸಾಕು. ಯಾಕೆ ಅಂತ ಮುಂದೆ ಬಿಡಿಸಿ ಹೇಳುತ್ತೇನೆ. ನಿಮ್ಮ ಅಗತ್ಯ ಬೇರೆಯಿದ್ದರೆ ಬೇರೆ ತೀರ್ಮಾನಕ್ಕೆ ಬರುವುದಕ್ಕೂ ಅದೇ ವಿವರ ಸಾಕಾಗುತ್ತದೆ.

ಏನನ್ನು ನೋಡಿ ಅಳೆಯಬೇಕು

ಮೊದಲ ಪ್ರಶ್ನೆ: ಈ ಕಥೆಯನ್ನು ಮತ್ತೆ ಓದುತ್ತೀರಾ? ಒಮ್ಮೆ ಓದಿ ಗೆಳೆಯರಿಗೆ ಕೊಡುವ ಕಥೆಗೂ ವರ್ಷಕ್ಕೊಮ್ಮೆ ಕೈಗೆತ್ತಿಕೊಳ್ಳುವ ಕಥೆಗೂ ಒಂದೇ ಥರದ ಪುಸ್ತಕ ಬೇಕಾಗಿಲ್ಲ.

ಎರಡನೆಯದು ಚಿತ್ರದ ಅಳತೆ. ಅದರ ಜೊತೆಗೇ ಪುಸ್ತಕ ಎಷ್ಟು ಚೆನ್ನಾಗಿ ಬಿಡಿಸಿಕೊಳ್ಳುತ್ತದೆ ಅನ್ನುವುದು. ಎರಡು ಪುಟ ಸೇರುವ ನಡುವಿನಲ್ಲಿ ಅರ್ಧ ಇಂಚು ಚಿತ್ರ ಒಳಗೆ ಹೋದರೆ ದೊಡ್ಡ ಪುಟ ಇದ್ದೂ ಪ್ರಯೋಜನ ಇಲ್ಲ.

ಮೂರನೆಯದು ಮಳೆಗಾಲ. ಕಾಗದ, ಅಂಟು, ರಟ್ಟು, ಪಿನ್ನು ಎಲ್ಲವೂ ಜೂನ್‌ನಿಂದ ಸೆಪ್ಟೆಂಬರ್ ತನಕ ಪರೀಕ್ಷೆ ಬರೆಯುತ್ತವೆ.

ಆಮೇಲೆ ಹಣ. ಇಲ್ಲಿ ಎರಡು ಲೆಕ್ಕ ಇದೆ, ಎರಡನ್ನೂ ಬೇರೆ ಬೇರೆ ಇಡಿ. ಪುಟಕ್ಕೆ ಎಷ್ಟು ಬಿತ್ತು ಅನ್ನುವುದು ಒಂದು. ಈ ತಿಂಗಳು ಕೈಯಿಂದ ಎಷ್ಟು ಹೋಗುತ್ತದೆ ಅನ್ನುವುದು ಇನ್ನೊಂದು. ಓಮ್ನಿಬಸ್ ಮೊದಲನೆಯದರಲ್ಲಿ ಗೆಲ್ಲುತ್ತದೆ, ಎರಡನೆಯದರಲ್ಲಿ ಸೋಲುತ್ತದೆ.

ಕೊನೆಯದು ಮುಂದಿನ ಭಾಗ ಸಿಗುತ್ತದಾ ಅನ್ನುವ ಪ್ರಶ್ನೆ. ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಒಂದನೇ ಭಾಗ ಎಲ್ಲ ಕಡೆ ಸಿಗುತ್ತದೆ. ಮೂರನೆಯದು ಮುದ್ರಣದಲ್ಲೇ ಇರುವುದಿಲ್ಲ.

ಬಿಡಿ ಸಂಚಿಕೆ

ಅಮೆರಿಕದ ಒಂದು ಸಂಚಿಕೆಯಲ್ಲಿ ಇಪ್ಪತ್ತು ಚಿಲ್ಲರೆ ಪುಟ ಕಥೆ, ಮಧ್ಯೆ ಜಾಹೀರಾತು, ಎರಡು ಪಿನ್. ಬೆಲೆ 4ರಿಂದ 5 ಡಾಲರ್. ಅಂಥ ಆರು ಸಂಚಿಕೆ ಸೇರಿಸಿದರೆ ಒಂದು ಟ್ರೇಡ್ ಆಗುತ್ತದೆ, ಆ ಟ್ರೇಡ್‌ನ ಬೆಲೆ ಸಾಮಾನ್ಯವಾಗಿ 20 ಡಾಲರ್ ಒಳಗೆ. ಇಲ್ಲಿಗೆ ತರಿಸುವ ಖರ್ಚು ಸೇರಿಸಿದರೆ ಬಿಡಿ ಸಂಚಿಕೆ ಇನ್ನೂ ದುಬಾರಿ.

ಆದರೂ ಅದಕ್ಕೆ ಅದರದೇ ಖುಷಿ ಇದೆ. ಒಂದು ತಿಂಗಳು ಕಾಯುವುದು, ಮುಂದೇನಾಗಬಹುದು ಅಂತ ಗೆಳೆಯರ ಜೊತೆ ವಾದ ಮಾಡುವುದು, ಒಬ್ಬ ಕಲಾವಿದ ಮಾಡಿದ ಮುಖಪುಟವನ್ನು ಪೂರ್ತಿ ಅಳತೆಯಲ್ಲಿ ನೋಡುವುದು. ಸ್ಕಾಟ್ ಸ್ನೈಡರ್ ಬರೆದು ನಿಕ್ ಡ್ರಗೊಟಾ ಚಿತ್ರಿಸುತ್ತಿರುವ ಆಬ್ಸಲ್ಯೂಟ್ ಬ್ಯಾಟ್‌ಮನ್ 2024ರ ಅಕ್ಟೋಬರ್‌ನಲ್ಲಿ ಶುರುವಾದಾಗಿನಿಂದ ಈ ಖುಷಿ ಬಹಳ ಜನರಿಗೆ ಮರಳಿ ಬಂದಿದೆ. ಅದರಲ್ಲಿ ಬ್ರೂಸ್ ವೇಯ್ನ್ ಶ್ರೀಮಂತನಲ್ಲ, ದೊಡ್ಡ ಬಂಗಲೆ ಇಲ್ಲ, ಆಲ್ಫ್ರೆಡ್ ಅವನ ಮನೆಯ ಬಟ್ಲರ್ ಅಲ್ಲ. ಇಷ್ಟು ಗೊತ್ತಾದ ಮೇಲೆ ಮುಂದಿನ ತಿಂಗಳಿಗೆ ಕಾಯದೆ ಇರುವುದು ಕಷ್ಟ.

ನಮ್ಮ ಊರಲ್ಲಿ ಬಿಡಿ ಸಂಚಿಕೆಯ ಶತ್ರು ಪಿನ್ನು. ಕಡಲ ಗಾಳಿಗೆ ಪಿನ್ ತುಕ್ಕು ಹಿಡಿಯುತ್ತದೆ. ತುಕ್ಕಿನ ಕಂದು ಬಣ್ಣ ನಡುಪುಟಕ್ಕೆ ಇಳಿದು ಸುತ್ತ ಹರಡುತ್ತದೆ, ಆಮೇಲೆ ಆ ಜಾಗದಲ್ಲೇ ಕಾಗದ ಹರಿಯುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿಟ್ಟರೆ ಸಾಕು ಅಂದುಕೊಳ್ಳಬೇಡಿ. ಜುಲೈ ತಿಂಗಳಲ್ಲಿ ಚೀಲಕ್ಕೆ ಹಾಕಿ ಮುಚ್ಚಿದರೆ ಒಳಗಿನ ತೇವವನ್ನೂ ಸೇರಿಸಿ ಮುಚ್ಚಿದ ಹಾಗೆ. ಜನವರಿ, ಫೆಬ್ರವರಿಯ ಒಣ ದಿನದಲ್ಲಿ ಈ ಕೆಲಸ ಮಾಡಿ, ಬೆನ್ನಿಗೆ ರಟ್ಟು ಕೊಡಿ, ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಬಿಡಿ ಸಂಚಿಕೆ ರಾಶಿ ಬಿದ್ದಿರುವವರಿಗೆ ನಮ್ಮದೇ ಹಳೆಯ ದಾರಿ ಒಂದಿದೆ. ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ ಒಟ್ಟು ಮಾಡಿ ಬೈಂಡ್ ಮಾಡಿಸುತ್ತಿದ್ದ ಮನೆಗಳು ಇಲ್ಲಿ ಎಷ್ಟಿಲ್ಲ! ಬಾಲಮಂಗಳದ ಡಿಂಗನನ್ನು ಹೀಗೆ ಕಟ್ಟಿಟ್ಟವರೂ ಇದ್ದಾರೆ. ಪ್ರೆಸ್‌ಗಳ ಅಕ್ಕಪಕ್ಕ ಕೇಳಿದರೆ ಬೈಂಡಿಂಗ್ ಮಾಡುವವರು ಈಗಲೂ ಸಿಗುತ್ತಾರೆ. ಕೊಡುವಾಗ ಮೂರು ಮಾತು ಹೇಳಿ. ಪಿನ್ ತೆಗೆದು ದಾರದಲ್ಲಿ ಹೊಲಿಯಬೇಕು. ಬೆನ್ನಿನ ಕಡೆ ಕತ್ತರಿಸಬಾರದು, ಕತ್ತರಿಸಿದರೆ ನಡುವಿನ ಚಿತ್ರ ಹೋಗುತ್ತದೆ. ಮೈದಾ ಅಂಟು ಹಾಕುವುದಾದರೆ ಅದಕ್ಕೆ ಮೈಲುತುತ್ತ ಸೇರಿಸಬೇಕು, ಇಲ್ಲದಿದ್ದರೆ ಹುಳಕ್ಕೆ ಹಬ್ಬ. ಕನ್ನಡದ ಮಕ್ಕಳ ಪತ್ರಿಕೆಗಳ ಚಿತ್ರಕಥೆ ಒಟ್ಟಾಗಿ ಪುಸ್ತಕವಾಗಿ ಬರುವುದು ಕಡಿಮೆ. ಅವುಗಳ ಮಟ್ಟಿಗೆ ಬೈಂಡ್ ಮಾಡಿಸಿದ ಪ್ರತಿಯೇ ನಿಮ್ಮ ಸಂಗ್ರಹ ಆವೃತ್ತಿ.

ಟ್ರೇಡ್ ಪೇಪರ್‌ಬ್ಯಾಕ್

ಐದಾರು ಸಂಚಿಕೆ, ನೂರ ಮೂವತ್ತರಿಂದ ನೂರೈವತ್ತು ಪುಟ, ಮೃದು ಮುಖಪುಟ, ಜಾಹೀರಾತು ಇಲ್ಲ. ಅಳತೆ ಬಿಡಿ ಸಂಚಿಕೆಯಷ್ಟೇ. ಅಂದರೆ ಕಲಾವಿದರು ಯಾವ ಅಳತೆಗೆ ಅಂತ ಬಿಡಿಸಿದರೋ ಅದೇ ಅಳತೆಯಲ್ಲಿ ನೀವು ಓದುತ್ತೀರಿ. ಇದು ಸಣ್ಣ ಮಾತಲ್ಲ.

ತೆಳ್ಳಗಿರುವುದರಿಂದ ಪುಟ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ಒಂದು ಕೈಯಲ್ಲಿ ಹಿಡಿಯಬಹುದು. ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುವಾಗ ಒಂದು ಪುಸ್ತಕ ಆರಾಮವಾಗಿ ಮುಗಿಯುತ್ತದೆ. ಗೆಳೆಯರಿಗೆ ಕೊಟ್ಟು ವಾಪಸ್ ಕೇಳುವುದೂ ಸುಲಭ. ಹೊಸ ಬರಹಗಾರರನ್ನು ಪರೀಕ್ಷಿಸಿ ನೋಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಜೊನಾಥನ್ ಹಿಕ್‌ಮನ್ ಮತ್ತು ಮಾರ್ಕೊ ಕೆಕೆಟ್ಟೊ 2024ರಲ್ಲಿ ಶುರು ಮಾಡಿದ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಪೀಟರ್ ಪಾರ್ಕರ್‌ಗೆ ಶಕ್ತಿ ಬರುವುದು ಮದುವೆಯಾಗಿ ಮಕ್ಕಳಾದ ಮೇಲೆ. ಈ ಕಲ್ಪನೆ ನಿಮಗೆ ಹಿಡಿಸುತ್ತದಾ ಇಲ್ಲವಾ ಅಂತ ಮೊದಲ ಆರು ಸಂಚಿಕೆ ಇರುವ ಒಂದನೇ ಟ್ರೇಡ್‌ನಲ್ಲೇ ಗೊತ್ತಾಗಿಬಿಡುತ್ತದೆ.

ತೊಂದರೆ ಎಂದರೆ ಮುಖಪುಟ. ಹೊರಗಡೆ ಪ್ಲಾಸ್ಟಿಕ್ ಲ್ಯಾಮಿನೇಶನ್ ಇದೆ, ಒಳಗಡೆ ಬರೀ ಕಾಗದ. ಒಳಗಿನ ಮೈ ತೇವ ಹೀರಿ ಹಿಗ್ಗುತ್ತದೆ, ಹೊರಗಿನದು ಹಿಗ್ಗುವುದಿಲ್ಲ. ಹಾಗಾಗಿ ಮಳೆಗಾಲದಲ್ಲಿ ಮೇಜಿನ ಮೇಲೆ ಬಿಟ್ಟ ಟ್ರೇಡ್‌ನ ಮುಖಪುಟ ಹಲಸಿನ ಹಪ್ಪಳದ ಹಾಗೆ ಹೊರಕ್ಕೆ ಬಾಗುತ್ತದೆ. ಇದು ಪುಸ್ತಕದ ದೋಷ ಅಲ್ಲ. ಕಪಾಟಿನಲ್ಲಿ ಹದವಾಗಿ ಒತ್ತಿಟ್ಟರೆ ಚಳಿಗಾಲಕ್ಕೆ ಹೆಚ್ಚುಕಡಿಮೆ ಸರಿಯಾಗುತ್ತದೆ. ತೀರಾ ಬಿಗಿ ಬೇಡ, ಗಾಳಿಯಾಡಲು ಜಾಗ ಇರಲಿ.

ಇನ್ನೊಂದು ಕಿರಿಕಿರಿ, ಬೆನ್ನಿನ ಮೇಲಿನ ನಂಬರ್. ಮಾರ್ವೆಲ್‌ನವರ ಎಪಿಕ್ ಕಲೆಕ್ಷನ್ 2013ರಲ್ಲಿ ಶುರುವಾಯಿತು. ನಾನೂರು ಐನೂರು ಪುಟದ ದಪ್ಪ ಪೇಪರ್‌ಬ್ಯಾಕ್, ಹಳೆಯ ಕಥೆಗಳನ್ನು ಬಣ್ಣದಲ್ಲಿ ಓದಲು ಒಳ್ಳೆಯದು. ಆದರೆ ಅವು ವರುಸೆಯಲ್ಲಿ ಬರುವುದಿಲ್ಲ. ನಾಲ್ಕನೆಯದು ಬಂದು ಎರಡನೆಯದು ಬಾಕಿ ಇರಬಹುದು, ಒಂದು ಖಾಲಿಯಾದರೆ ಮರುಮುದ್ರಣಕ್ಕೆ ವರ್ಷಗಟ್ಟಲೆ ಕಾಯಬೇಕಾಗಬಹುದು. ಇಡೀ ಸಾಲು ಜೋಡಿಸುವ ಆಸೆ ಇರುವವರಿಗೆ ಇದು ತಕ್ಕದ್ದಲ್ಲ. ಇಷ್ಟದ ಒಂದು ಕಾಲಘಟ್ಟ ಸಾಕು ಅನ್ನುವವರು ಖುಷಿಯಿಂದ ಕೊಳ್ಳಿ.

ಓಮ್ನಿಬಸ್, ಕಾಂಪೆಂಡಿಯಂ

ಇಲ್ಲೇ ಜನ ಜಾಸ್ತಿ ತಡವರಿಸುವುದು. ಆ ದಪ್ಪ ಹಾರ್ಡ್‌ಕವರ್ ನೋಡಿದರೆ ಯಾರಿಗೂ ಆಸೆ ಆಗುತ್ತದೆ. ಎಂಟುನೂರರಿಂದ ಸಾವಿರ ಮೀರಿ ಪುಟ. ಎರಡು ಮೂರು ಕಿಲೋ ತೂಕ. ಬೆಲೆ ಐದು ಸಾವಿರದಿಂದ ಮೇಲೆ. ಪುಟಕ್ಕೆ ಲೆಕ್ಕ ಹಾಕಿದರೆ ಟ್ರೇಡ್‌ಗಿಂತ ಅಗ್ಗ ಬೀಳುವುದು ನಿಜ. ಮೂವತ್ತು ನಲವತ್ತು ಸಂಚಿಕೆ ಒಂದೇ ಕಡೆ, ಮುಂದಿನ ಭಾಗ ಸಿಗುತ್ತದಾ ಅನ್ನುವ ಚಿಂತೆಯೂ ಅಷ್ಟರ ಮಟ್ಟಿಗೆ ಇಲ್ಲ.

ಆದರೆ ಓದುವುದು ಹೇಗೆ? ಮಲಗಿ ಓದಲು ಆಗುವುದಿಲ್ಲ. ಬಸ್ಸಿನಲ್ಲಿ ಮಾತೇ ಇಲ್ಲ. ಮೇಜಿನ ಮೇಲಿಟ್ಟು, ಎರಡೂ ಕೈಯಲ್ಲಿ ಪುಟ ತಿರುಗಿಸುತ್ತ ಓದಬೇಕು. ಹಾಗೆ ಓದುವ ಅಭ್ಯಾಸ ಇರುವವರಿಗೆ ಇದು ಸೊಗಸು. ಇಲ್ಲದವರ ಮನೆಯಲ್ಲಿ ಓಮ್ನಿಬಸ್ ಪ್ಲಾಸ್ಟಿಕ್ ಹೊದಿಕೆಯೂ ತೆಗೆಯದೆ ಕೂತಿರುವುದನ್ನು ನೋಡಿದ್ದೇನೆ. ಓದದ ಪುಸ್ತಕಕ್ಕೆ ಪುಟದ ಲೆಕ್ಕ ಹಾಕಿ ಏನು ಮಾಡುವುದು?

ಕೊಳ್ಳುವ ಮೊದಲು ಬೈಂಡಿಂಗ್ ನೋಡಿ. ಪುಸ್ತಕವನ್ನು ನಿಲ್ಲಿಸಿ ಮೇಲಿನಿಂದ ಬೆನ್ನನ್ನು ನೋಡಿದರೆ ಸಣ್ಣ ಸಣ್ಣ ಕಂತೆಗಳು ಕಾಣಬೇಕು. ಒಂದು ಕಂತೆಯ ನಡುಪುಟ ತೆರೆದರೆ ಒಳಗೆ ದಾರ ಕಾಣಬೇಕು. ದಾರ ಇದ್ದರೆ ಹೊಲಿದದ್ದು, ಪುಟ ಚಪ್ಪಟೆಯಾಗಿ ಬಿಡಿಸಿಕೊಳ್ಳುತ್ತದೆ, ಬಾಳಿಕೆಯೂ ಹೆಚ್ಚು. ದಾರ ಇಲ್ಲದಿದ್ದರೆ ಬರೀ ಅಂಟು. ನಮ್ಮ ಸೆಖೆಗೂ ತೇವಕ್ಕೂ ಸಾವಿರ ಪುಟದ ಭಾರವನ್ನು ಅಂಟು ಬಹಳ ವರ್ಷ ಹೊರುವುದಿಲ್ಲ. ಇನ್ನು, ಇಷ್ಟು ಭಾರದ ಪುಸ್ತಕವನ್ನು ವರ್ಷಗಟ್ಟಲೆ ನಿಲ್ಲಿಸಿಟ್ಟರೆ ಪುಟಗಳ ಕಟ್ಟು ತನ್ನ ಭಾರಕ್ಕೆ ತಾನೇ ಜೋತು ರಟ್ಟಿನಿಂದ ಬಿಟ್ಟುಕೊಳ್ಳಲು ಶುರುವಾಗುತ್ತದೆ. ಅದನ್ನು ಮಲಗಿಸಿಯೇ ಇಡಬೇಕು. ಅಂದರೆ ಕಪಾಟಿನಲ್ಲಿ ಅಷ್ಟು ಅಗಲದ ಜಾಗ ಬೇಕು.

ನಯವಾದ ಹೊಳಪಿನ ಕಾಗದದ ಬಗ್ಗೆಯೂ ಒಂದು ಎಚ್ಚರಿಕೆ. ಅಂಥ ಕಾಗದ ಒದ್ದೆಯಾದರೆ ಅದರ ಮೇಲಿನ ಲೇಪ ಅಂಟಾಗುತ್ತದೆ, ಪುಟಕ್ಕೆ ಪುಟ ಹಿಡಿದುಕೊಳ್ಳುತ್ತದೆ. ಎಳೆದರೆ ಬಣ್ಣವೇ ಕಿತ್ತು ಬರುತ್ತದೆ. ಬರೀ ಗಾಳಿಯ ತೇವಕ್ಕೆ ಇಷ್ಟಾಗುವುದಿಲ್ಲ, ಆದರೆ ಹೆಂಚಿನ ಮನೆಯಲ್ಲಿ ಒಂದು ಸೋರುವಿಕೆ ಸಾಕು. ಒಂದು ಟ್ರೇಡ್ ಹೋದರೆ ಸಾವಿರ ರೂಪಾಯಿ ಹೋಯಿತು. ಓಮ್ನಿಬಸ್ ಹೋದರೆ ಇಡೀ ಕಥೆಯೇ ಹೋಯಿತು.

ಕಾಂಪೆಂಡಿಯಂ ಎಂದರೆ ಓಮ್ನಿಬಸ್‌ನ ದಪ್ಪ, ಪೇಪರ್‌ಬ್ಯಾಕ್‌ನ ಮುಖಪುಟ. ರಾಬರ್ಟ್ ಕರ್ಕ್‌ಮನ್ ಮತ್ತು ಚಾರ್ಲಿ ಆಡ್ಲರ್ಡ್ ಅವರ ವಾಕಿಂಗ್ ಡೆಡ್‌ನ 193 ಸಂಚಿಕೆ ಇಂಥ ನಾಲ್ಕೇ ಪುಸ್ತಕದಲ್ಲಿ ಮುಗಿಯುತ್ತದೆ. ಬ್ರಯಾನ್ ಕೆ. ವಾನ್ ಮತ್ತು ಫಿಯೋನಾ ಸ್ಟೇಪಲ್ಸ್ ಅವರ ಸಾಗಾದ ಮೊದಲ 54 ಸಂಚಿಕೆ 1300 ಪುಟ ಮೀರಿದ ಒಂದೇ ಕಾಂಪೆಂಡಿಯಂನಲ್ಲಿ ಇವೆ. ಅದನ್ನೇ ಒಂಬತ್ತು ಟ್ರೇಡ್ ಆಗಿ ಕೊಂಡರೆ ಸುಮಾರು ಎರಡರಷ್ಟು ಖರ್ಚು. ಒಮ್ಮೆ ಓದಿ ಬೇರೆಯವರಿಗೆ ದಾಟಿಸುವವರಿಗೆ ಕಾಂಪೆಂಡಿಯಂನಷ್ಟು ಲಾಭದ ವ್ಯಾಪಾರ ಇಲ್ಲ. ಇಟ್ಟುಕೊಳ್ಳುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಮೃದು ಬೆನ್ನಿನ ಮೇಲೆ ಅಷ್ಟು ಭಾರ ಬಿದ್ದು ನಡುವಲ್ಲಿ ಬಿರುಕು ಬರುತ್ತದೆ. ಸಾಗಾವನ್ನಂತೂ ಟ್ರೇಡ್‌ನಲ್ಲೇ ಓದಿ. ಸ್ಟೇಪಲ್ಸ್ ಅವರ ಒಂಟಿ ಚಿತ್ರದ ಪುಟಗಳನ್ನು ಬೆನ್ನು ಮುರಿಯುವ ಹೆದರಿಕೆ ಇಲ್ಲದೆ ಪೂರ್ತಿ ತೆರೆದು ನೋಡಬೇಕು. ಅದು ದೊಡ್ಡವರ ಕಥೆ, ಮಕ್ಕಳ ಕೈಗೆ ಸಿಗುವ ಕಡೆ ಇಡಬೇಡಿ.

ದೊಡ್ಡ ಪುಟ ಯಾವಾಗ ಬೇಕು: ವಾಚ್‌ಮೆನ್‌ನ ಒಂದು ಅಧ್ಯಾಯ

ರೂಪ ಎಷ್ಟು ಮುಖ್ಯ ಅಂತ ತೋರಿಸಲು ನನಗೆ ಸದಾ ನೆನಪಾಗುವುದು ವಾಚ್‌ಮೆನ್‌ನ ಐದನೇ ಅಧ್ಯಾಯ. ಆಲನ್ ಮೂರ್ ಬರೆದು ಡೇವ್ ಗಿಬನ್ಸ್ ಚಿತ್ರಿಸಿ, ಜಾನ್ ಹಿಗಿನ್ಸ್ ಬಣ್ಣ ಕೊಟ್ಟ ಈ ಹನ್ನೆರಡು ಸಂಚಿಕೆ 1986-87ರಲ್ಲಿ ಬಂದವು. ಹೆಚ್ಚಿನ ಪುಟಗಳು ಒಂಬತ್ತು ಚೌಕಟ್ಟಿನ ಜಾಲ. ಐದನೇ ಅಧ್ಯಾಯವನ್ನು ಕನ್ನಡಿಯ ಹಾಗೆ ಕಟ್ಟಿದ್ದಾರೆ. ಮೊದಲ ಪುಟದ ಜೋಡಣೆ ಕೊನೆಯ ಪುಟದಲ್ಲಿ, ಎರಡನೆಯದರದು ಕೊನೆಯಿಂದ ಎರಡನೆಯದರಲ್ಲಿ, ಹೀಗೆ ಎರಡೂ ಕಡೆಯಿಂದ ಬಂದು ನಡುವಿನ ಜೋಡಿಪುಟದಲ್ಲಿ ಸೇರುತ್ತದೆ. ಅಲ್ಲಿ ಓಝಿಮ್ಯಾಂಡಿಯಸ್ ತನ್ನನ್ನು ಕೊಲ್ಲಲು ಬಂದವನನ್ನು ಹೊಡೆಯುವ ದೃಶ್ಯ. ಎಡಪುಟ, ಬಲಪುಟ ಒಂದನ್ನೊಂದು ನೋಡುತ್ತಿರುತ್ತವೆ.

ಈಗ ಇದನ್ನು ಮೊಬೈಲ್‌ನಲ್ಲಿ ಒಂದೊಂದೇ ಚೌಕಟ್ಟಾಗಿ ಸರಿಸುತ್ತ ಓದಿ. ಕಥೆ ಅರ್ಥವಾಗುತ್ತದೆ, ಕನ್ನಡಿ ಕಾಣುವುದೇ ಇಲ್ಲ. ಬಿಗಿ ಅಂಟಿನ ಪುಸ್ತಕದಲ್ಲಿ ಓದಿದರೆ ಕನ್ನಡಿಯ ನಡುಗೆರೆ ಬೆನ್ನೊಳಗೆ ಹೋಗಿರುತ್ತದೆ. ಟ್ರೇಡ್‌ನಲ್ಲಿ ತಕ್ಕಮಟ್ಟಿಗೆ ಸಿಗುತ್ತದೆ. ಹೊಲಿದ ಹಾರ್ಡ್‌ಕವರ್‌ನಲ್ಲಿ ಮಾತ್ರ ಪೂರ್ತಿ ಸಿಗುತ್ತದೆ.

ವಾಚ್‌ಮೆನ್, ಬ್ಯಾಟ್‌ಮನ್ ಪ್ರಕಟಿಸುವ ಡಿಸಿಯವರ ಆಬ್ಸಲ್ಯೂಟ್ ಆವೃತ್ತಿ ಎಂದರೆ ಇಂಥ ಕಥೆಗಳಿಗೆ ಮಾಡಿದ ದೊಡ್ಡ ಅಳತೆಯ, ರಟ್ಟಿನ ಗೂಡಿನೊಳಗೆ ಬರುವ ಪುಸ್ತಕ. ವರ್ಷ ವರ್ಷ ಮರಳಿ ಓದುವ ಒಂದೆರಡು ಕಥೆಗೆ ಇಷ್ಟು ಖರ್ಚು ಮಾಡುವುದು ನ್ಯಾಯವೇ. ಆ ಗೂಡು ಮಳೆಗಾಲದಲ್ಲಿ ಸ್ವಲ್ಪ ರಕ್ಷಣೆಯೂ ಹೌದು, ಗಾಳಿಯಾಡದ ಜಾಗವೂ ಹೌದು. ಬಿಸಿಲು ಬಂದ ದಿನ ಹೊರಗೆ ತೆಗೆದಿಡಿ, ಆದರೆ ನೇರ ಬಿಸಿಲಿಗೆ ಬೇಡ.

ಆನ್‌ಲೈನ್‌ನಲ್ಲಿ ಹುಡುಕುವಾಗ ಎಚ್ಚರ. ಆಬ್ಸಲ್ಯೂಟ್ ಬ್ಯಾಟ್‌ಮನ್, ಆಬ್ಸಲ್ಯೂಟ್ ವಂಡರ್ ವುಮನ್ ಇವು ಈಗ ನಡೆಯುತ್ತಿರುವ ಹೊಸ ಸರಣಿಗಳ ಹೆಸರು. ಆಬ್ಸಲ್ಯೂಟ್ ಆವೃತ್ತಿ ಪುಸ್ತಕದ ಆಕಾರದ ಹೆಸರು. ಎರಡೂ ಡಿಸಿಯವರವೇ. ಕೆಲ್ಲಿ ಥಾಂಪ್ಸನ್, ಹೇಡನ್ ಶೆರ್ಮನ್ ಅವರ, ನರಕದಲ್ಲಿ ಬೆಳೆದ ವಂಡರ್ ವುಮನ್ ಬೇಕಾದವರು ಬೇರೇನನ್ನೋ ಆರ್ಡರ್ ಮಾಡಿಬಿಡುವ ಸಾಧ್ಯತೆ ಚೆನ್ನಾಗಿಯೇ ಇದೆ. ಬರಹಗಾರರ ಹೆಸರು, ಒಳಗಿರುವ ಸಂಚಿಕೆಯ ನಂಬರ್ ನೋಡಿಯೇ ದುಡ್ಡು ಕೊಡಿ.

ಸಣ್ಣ ಪುಸ್ತಕಗಳು

ಬಜೆಟ್ ಕಡಿಮೆ ಇರುವವರಿಗೆ ಈಗಿನಷ್ಟು ಒಳ್ಳೆಯ ಕಾಲ ಹಿಂದೆ ಇರಲಿಲ್ಲ. ಡಿಸಿಯವರು 2024ರಲ್ಲಿ ಕಾಂಪ್ಯಾಕ್ಟ್ ಕಾಮಿಕ್ಸ್ ಶುರು ಮಾಡಿದರು. ಅಳತೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಅಮೆರಿಕದ ಬೆಲೆ 9.99 ಡಾಲರ್. ಇಡೀ ವಾಚ್‌ಮೆನ್ ಆ ಬೆಲೆಗೆ! ಆಲ್ ಸ್ಟಾರ್ ಸೂಪರ್‌ಮ್ಯಾನ್, ಬ್ಯಾಟ್‌ಮನ್‌ನ ಕೋರ್ಟ್ ಆಫ್ ಔಲ್ಸ್ ಕೂಡ ಹೀಗೆ ಬಂದಿವೆ. ಮಾರ್ವೆಲ್‌ನವರೂ 2025ರಲ್ಲಿ ಇದೇ ದಾರಿಗೆ ಬಂದರು.

ಕಳೆದುಕೊಳ್ಳುವುದು ಚಿತ್ರದ ಅಳತೆ. ಒಂಬತ್ತು ಚೌಕಟ್ಟಿನ ಪುಟವನ್ನು ಇಷ್ಟು ಚಿಕ್ಕದು ಮಾಡಿದರೆ ಅಕ್ಷರ ಇರುವೆ ಸಾಲು. ನಲವತ್ತು ದಾಟಿದವರಿಗೆ ಕನ್ನಡಕ ಹಾಕಿದರೂ ಕಷ್ಟ. ಆಲ್ ಸ್ಟಾರ್ ಸೂಪರ್‌ಮ್ಯಾನ್‌ನಲ್ಲಿ ಫ್ರಾಂಕ್ ಕ್ವೈಟ್ಲಿ ಚೌಕಟ್ಟುಗಳನ್ನು ದೊಡ್ಡದಾಗಿ, ಖಾಲಿ ಜಾಗ ಬಿಟ್ಟು ಬಿಡಿಸುತ್ತಾರೆ. ಅದು ಚಿಕ್ಕದಾದರೂ ಉಸಿರಾಡುತ್ತದೆ. ಹಾಗಾಗಿ ಕಾಂಪ್ಯಾಕ್ಟ್‌ನಲ್ಲಿ ಯಾವ ಕಥೆ ಅನ್ನುವುದನ್ನು ಚಿತ್ರ ನೋಡಿ ತೀರ್ಮಾನಿಸಿ, ಹೆಸರು ನೋಡಿ ಅಲ್ಲ.

ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್, ಓದುವವರಿಗೆ ಈ ಗೊಂದಲ ಇಲ್ಲ. ಆ ಚಿತ್ರಗಳು ಸಣ್ಣ ಪುಸ್ತಕಕ್ಕೆಂದೇ ಸಿದ್ಧವಾಗುತ್ತವೆ. ಕಪ್ಪುಬಿಳುಪು, ಹಗುರ, ಒಂದು ಭಾಗ ಸಾಮಾನ್ಯವಾಗಿ 400ರಿಂದ 600 ರೂಪಾಯಿ, ಮಂಗಳೂರಿನ ಮಾಲ್‌ನ ಪುಸ್ತಕದಂಗಡಿಯಲ್ಲೂ ಕಪಾಟು ತುಂಬ ಇರುತ್ತದೆ. ಸುರತ್ಕಲ್, ಮಣಿಪಾಲದ ಹಾಸ್ಟೆಲ್ ಹುಡುಗ ಹುಡುಗಿಯರು ಐದಾರು ಮಂದಿ ಸೇರಿ ಒಂದೊಂದು ಭಾಗ ಕೊಂಡು ಬದಲಾಯಿಸಿಕೊಳ್ಳುವುದು ನನಗೆ ಬಹಳ ಮೆಚ್ಚಿನ ಪದ್ಧತಿ. ಆಯ್ಕೆ ಮಾಡುವಾಗ ಉದ್ದ ನೋಡಿ. ಒನ್ ಪೀಸ್ 100 ಭಾಗ ದಾಟಿ ಇನ್ನೂ ನಡೆಯುತ್ತಿದೆ. ಡೆತ್ ನೋಟ್ 12ರಲ್ಲಿ ಮುಗಿಯುತ್ತದೆ. ಹಿರೋಮು ಅರಾಕಾವಾ ಅವರ ಫುಲ್‌ಮೆಟಲ್ ಆಲ್ಕೆಮಿಸ್ಟ್ 27 ಭಾಗ, ಮೂರನ್ನು ಒಂದು ಮಾಡಿದ ಆವೃತ್ತಿಯಲ್ಲಿ ಒಂಬತ್ತೇ ಪುಸ್ತಕ. ಅಗ್ಗ, ಆದರೆ ದಪ್ಪ ಜಾಸ್ತಿ. ಮಾಂಗಾದ ಕಾಗದ ಬೇಗ ಹಳದಿಯಾಗುತ್ತದೆ. ಓದಲು ಅಡ್ಡಿಯಿಲ್ಲ, ಮಾರುವ ಆಲೋಚನೆ ಇದ್ದರೆ ಮಾತ್ರ ಬೆಲೆ ಬರುವುದಿಲ್ಲ.

ಪರದೆಯ ಮೇಲೆ

ಬೂಸ್ಟು ಇಲ್ಲ, ಒರಲೆ ಇಲ್ಲ, ಜಾಗ ಬೇಡ. ಹತ್ತು ಇಂಚಿನ ಟ್ಯಾಬ್ ಇದ್ದರೆ ಬಣ್ಣವೂ ಚೆನ್ನಾಗಿ ಕಾಣುತ್ತದೆ. ಮಾಂಗಾ ಪ್ಲಸ್ ಆ್ಯಪ್‌ನಲ್ಲಿ ನಡೆಯುತ್ತಿರುವ ಸರಣಿಗಳ ಮೊದಲ ಮೂರು ಮತ್ತು ಇತ್ತೀಚಿನ ಮೂರು ಅಧ್ಯಾಯ ದುಡ್ಡಿಲ್ಲದೆ ಓದಬಹುದು. ಕೊಳ್ಳುವ ಮೊದಲು ರುಚಿ ನೋಡಲು ಅಷ್ಟು ಸಾಕು. ಚಂದಾ ಕಟ್ಟಿ ಓದುವ ಮಾರ್ವೆಲ್ ಅನ್‌ಲಿಮಿಟೆಡ್ ಆ್ಯಪ್‌ನಲ್ಲಿ ಹೊಸ ಸಂಚಿಕೆಗಳು ಸುಮಾರು ಮೂರು ತಿಂಗಳು ತಡವಾಗಿ ಸೇರುತ್ತವೆ, ಹಳೆಯವು ಸಾವಿರಾರು.

ಆದರೆ ಚಂದಾ ನಿಂತರೆ ಓದು ನಿಲ್ಲುತ್ತದೆ. ಕೊಂಡದ್ದು ಕೂಡ ಕೈಯಲ್ಲಿರುವ ಪುಸ್ತಕದಷ್ಟು ನಿಮ್ಮದಲ್ಲ. ಡಿಜಿಟಲ್ ಕಾಮಿಕ್ಸ್ ಓದುವ ಕಾಮಿಕ್ಸಾಲಜಿ ಆ್ಯಪ್ 2023ರ ಡಿಸೆಂಬರ್‌ನಲ್ಲಿ ಅಮೆಜಾನ್‌ನ ಕಿಂಡಲ್ ಒಳಗೆ ಸೇರಿಹೋಯಿತು. ಅಲ್ಲಿ ವರ್ಷಗಟ್ಟಲೆ ಸಂಗ್ರಹಿಸಿದವರ ಪುಸ್ತಕಗಳ ಜೋಡಣೆಯೆಲ್ಲ ಬದಲಾಯಿತು. ನೂರಾರು ಸಂಚಿಕೆಯ ಹಳೆಯ ಸೂಪರ್‌ಹೀರೋ ಕಥೆಗಳನ್ನು ಓದಿ ಮುಗಿಸುವುದಷ್ಟೇ ಗುರಿ ಆಗಿದ್ದರೆ ಪರದೆ ಸರಿ. ಮೆಚ್ಚಿದ್ದನ್ನು ಆಮೇಲೆ ಕಾಗದದಲ್ಲಿ ಕೊಳ್ಳಿ.

ಮಕ್ಕಳಿರುವ ಮನೆ

ಇಲ್ಲಿ ಅಮರ ಚಿತ್ರಕಥೆಯಿಂದಲೇ ಮಾತು ಶುರುವಾಗಬೇಕು. 1967ರಲ್ಲಿ ಅದನ್ನು ಕಟ್ಟಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. 1980ರಲ್ಲಿ ಟಿಂಕಲ್ ತಂದವರೂ ಅವರೇ. ಭಾರತದ ಇಷ್ಟು ತಲೆಮಾರು ಮಕ್ಕಳ ಕೈಗೆ ಕಾಮಿಕ್ಸ್ ಕೊಟ್ಟವರು ನಮ್ಮ ಪಕ್ಕದ ಊರಿನವರು ಅನ್ನುವುದನ್ನು ಇಲ್ಲಿನ ಮಕ್ಕಳಿಗೆ ಹೇಳಬೇಕು. ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ.

ಮಹಾಭಾರತ ಅವರಲ್ಲಿ 42 ಬಿಡಿ ಪುಸ್ತಕವಾಗಿ ಬಂದಿತ್ತು, ಈಗ ಮೂರು ಸಂಪುಟದ ಸೆಟ್ ಆಗಿ ಸಿಗುತ್ತದೆ. ದೊಡ್ಡವರಿಗೆ, ಕ್ರಮವಾಗಿ ಓದುವವರಿಗೆ ಸೆಟ್ ಚೆಂದ. ಏಳೆಂಟು ವರ್ಷದ ಮಗುವಿಗೆ ಬಿಡಿ ಪುಸ್ತಕವೇ ಒಳ್ಳೆಯದು. ಕೈಯಲ್ಲಿ ಹಿಡಿಸುತ್ತದೆ, ಒಂದು ಕೂತಲ್ಲಿ ಮುಗಿಯುತ್ತದೆ, ಹರಿದರೂ ನೂರು ರೂಪಾಯಿ ಆಸುಪಾಸಿನದು. ರಾತ್ರಿ ಯಕ್ಷಗಾನದ ಆಟದಲ್ಲಿ ಕರ್ಣನನ್ನೋ ಅಭಿಮನ್ಯುವನ್ನೋ ನೋಡಿ ಬಂದ ಮಗು ಮರುದಿನ ಆ ಒಂದು ಪುಸ್ತಕವನ್ನೇ ಹುಡುಕುತ್ತದೆ. ಮೂರು ಸಂಪುಟದಲ್ಲಿ ಅದು ಎಲ್ಲಿದೆ ಅಂತ ಅದಕ್ಕೆ ಸಿಗುವುದಿಲ್ಲ. ಮೂರು, ಐದು ಕಥೆ ಸೇರಿಸಿದ ಪುಸ್ತಕಗಳು ಇವೆರಡರ ನಡುವಿನವು, ಉಡುಗೊರೆಗೆ ತಕ್ಕವು. ಉಳ್ಳಾಲದ ರಾಣಿ ಅಬ್ಬಕ್ಕನ ಕಥೆಯೂ ಅಮರ ಚಿತ್ರಕಥೆಯಲ್ಲಿ ಬಂದಿದೆ, ಕೇಳಿ ತಗೊಳ್ಳಿ.

ಟಿನ್‌ಟಿನ್‌ನಲ್ಲಿ ಆಯ್ಕೆ ಇನ್ನೂ ಸ್ಪಷ್ಟ. ಅದನ್ನು ಬರೆದು ಚಿತ್ರಿಸಿದ ಎರ್ಜೆ ಪೂರ್ತಿ ಮಾಡಿದ ಪುಸ್ತಕಗಳು 23, ಕೊನೆಯದು ಅರ್ಧಕ್ಕೆ ನಿಂತದ್ದು. ಬಣ್ಣದ ಪುಸ್ತಕ ಒಂದೊಂದೂ 62 ಪುಟ. ಮೂರು ಕಥೆ ಸೇರಿಸಿದ ಸಣ್ಣ ಹಾರ್ಡ್‌ಕವರ್ ಅಗ್ಗ, ನೋಡಲು ಮುದ್ದಾಗಿದೆ. ಆದರೆ ಎರ್ಜೆ ಹಿನ್ನೆಲೆಯಲ್ಲಿ ತುಂಬುವ ಹಡಗಿನ ಹಗ್ಗ, ಬೀದಿಯ ಅಂಗಡಿ, ಸಣ್ಣ ಸಣ್ಣ ಮುಖಗಳು ಆ ಪುಟದಲ್ಲಿ ಮುದುಡಿ ಹೋಗುತ್ತವೆ. ದೊಡ್ಡ ಅಳತೆಯ ಬಿಡಿ ಪುಸ್ತಕವನ್ನೇ, ವರ್ಷಕ್ಕೆ ಒಂದೆರಡಾದರೂ ಸರಿ, ಕೊಳ್ಳಿ. ಜೋಡಿ ಕಥೆಗಳನ್ನು ಮಾತ್ರ ಒಟ್ಟಿಗೆ ತನ್ನಿ. ಯುನಿಕಾರ್ನ್ ಹಡಗಿನ ಗುಟ್ಟು ಓದಿದ ಮಗುವಿಗೆ ರೆಡ್ ರ‍್ಯಾಕಮ್‌ನ ನಿಧಿ ಕೊಡದೆ ಕಾಯಿಸಬಾರದು. ಚಂದ್ರನಿಗೆ ಹೋಗುವ ಎರಡು ಪುಸ್ತಕಗಳೂ ಹಾಗೆಯೇ.

ಎಲ್ಲಿ, ಯಾವಾಗ

ಬಲ್ಮಠದ ಅತ್ರಿ ಬುಕ್ ಸೆಂಟರ್ 2012ರಲ್ಲಿ ಮುಚ್ಚಿದ ಮೇಲೆ ಪುಸ್ತಕ ಬಲ್ಲವರೊಡನೆ ನಿಂತು ಮಾತಾಡಿ ಕೊಳ್ಳುವ ಒಂದು ಜಾಗ ಮಂಗಳೂರಿಗೆ ಕಡಿಮೆಯಾಯಿತು. ಈಗ ಮಾಲ್‌ಗಳಲ್ಲಿ ಮಾಂಗಾ, ಜನಪ್ರಿಯ ಟ್ರೇಡ್ ಸಿಗುತ್ತವೆ. ಉಳಿದದ್ದಕ್ಕೆ ಆನ್‌ಲೈನ್. ಭಾರದ ಪುಸ್ತಕವನ್ನು ಆನ್‌ಲೈನ್‌ನಲ್ಲಿ ತರಿಸುವುದು ನನಗೆ ಹೆದರಿಕೆ. ಒಂದು ಜಾಲತಾಣದಿಂದ ತರಿಸಿದ ಹಾರ್ಡ್‌ಕವರ್ ಬರೀ ಪ್ಲಾಸ್ಟಿಕ್ ಕವರ್‌ನಲ್ಲಿ ಬಂದು ನಾಲ್ಕೂ ಮೂಲೆ ಜಜ್ಜಿಹೋಗಿತ್ತು. ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸುತ್ತಾರಾ ಅಂತ ಕೇಳಿಕೊಂಡೇ ಆರ್ಡರ್ ಮಾಡಿ. ಜೂನ್, ಜುಲೈಯಲ್ಲಿ ಬೇಡವೇ ಬೇಡ. ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ತರಿಸಿ.

ಬೆಂಗಳೂರಿಗೆ ಹೋಗುವವರು ಚರ್ಚ್ ಸ್ಟ್ರೀಟ್‌ನ ಬ್ಲಾಸಂ ಪುಸ್ತಕದಂಗಡಿಯಲ್ಲಿ ಹಳೆಯ ಪ್ರತಿಗಳನ್ನು ಹುಡುಕಬಹುದು. ಅಲ್ಲಿ ಕಾಮಿಕ್ಸ್ ಮೇಳ ಕಾಮಿಕ್ ಕಾನ್ ನಡೆಯುವ ಹೊತ್ತಿಗೆ ಹೋದರೆ ನಮ್ಮ ದೇಶದ ಬರಹಗಾರರು, ಕಲಾವಿದರ ಕೈಯಿಂದಲೇ ಪುಸ್ತಕ ಕೊಳ್ಳಬಹುದು. ಆ ಪುಸ್ತಕಗಳು ಸಣ್ಣ ಸಂಖ್ಯೆಯಲ್ಲಿ ಅಚ್ಚಾಗುತ್ತವೆ, ಕಂಡಾಗಲೇ ಕೊಳ್ಳುವುದು ಸರಿ. ಇನ್ನು, ಕರಾವಳಿಯ ಹೆಚ್ಚಿನ ಮನೆಯವರಿಗೆ ಇರುವ ದೊಡ್ಡ ಅನುಕೂಲ ಗಲ್ಫ್. ದುಬೈ ಮಾಲ್‌ನ ಕಿನೊಕುನಿಯಾ ಅಂಗಡಿಯಲ್ಲಿ ಕಾಮಿಕ್ಸ್, ಮಾಂಗಾದ ವಿಭಾಗ ದೊಡ್ಡದು. ಊರಿಗೆ ಬರುವ ಅಣ್ಣನಿಗೋ ಭಾವನಿಗೋ ಹೇಳುವಾಗ ಎರಡು ಟ್ರೇಡ್ ಹೇಳಿ, ತರುತ್ತಾರೆ. ಮೂರು ಕಿಲೋ ಓಮ್ನಿಬಸ್ ಹೇಳುವ ಮೊದಲು ಅವರ ಬ್ಯಾಗಿನಲ್ಲಿ ಅಕ್ಕ ಹೇಳಿದ ಸಾಮಾನು ಎಷ್ಟಿದೆ ಅಂತ ವಿಚಾರಿಸಿ, ಮಾರಾಯ್ರೆ.

ಪುಸ್ತಕ ಬಂದ ಮೇಲೆ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಕೆಂಪುಕಲ್ಲಿನ ಗೋಡೆಯಾದರೆ ಅಂತೂ ಒಂದೆರಡು ಇಂಚು ಬಿಟ್ಟೇ ಕಪಾಟು ನಿಲ್ಲಿಸಿ. ನೆಲಕ್ಕೆ ತಾಗುವ ಕೆಳಗಿನ ಅಂಕಣವನ್ನು ಪುಸ್ತಕಕ್ಕೆ ಕೊಡಬೇಡಿ. ಸಿಲಿಕಾ ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬಹುದು. ಆಟಿ ತಿಂಗಳಲ್ಲಿ ಮಳೆ ಬಿಟ್ಟ ಒಂದು ದಿನ ಎಲ್ಲವನ್ನೂ ಹೊರಗೆ ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಗಾಳಿಯಲ್ಲಿ ಪುಟ ಬಿಡಿಸಿಡಿ. ಬೂಸ್ಟು ಕಂಡ ಪುಸ್ತಕವನ್ನು ಆ ದಿನವೇ ಬೇರೆ ಮಾಡಿ, ಪಕ್ಕದವುಗಳ ಬೆನ್ನನ್ನೂ ನೋಡಿ.